ನಗರದ ಪಕ್ಕದ ಬೆಟ್ಟದ ಕಾಡಿನಲ್ಲಿ ಸುಲಭ ಚಾರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಸಿಟಿಯಿಂದ ಹೊರಟು, ಬೆಟ್ಟದ ಕಾಡಿನಲ್ಲಿ ಮೂರ್ನಾಲ್ಕು ಗಂಟೆ ನಡೆದು, ಸಂಜೆಯೊಳಗೆ ಮನೆಗೆ ವಾಪಸ್ ಬರುವಂಥ ಚಾರಣದ ಬಗ್ಗೆ ಜನ ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು, ಸ್ವಲ್ಪ ಪಳಗಿದವರದ್ದು ಆಮೇಲೆ. ನಾನು ಕಂಡಂತೆ ಇಂಥ ದಾರಿಗಳಲ್ಲಿ ಪೇಚಿಗೆ ಸಿಕ್ಕಿಕೊಳ್ಳುವವರು ಬಹುಪಾಲು ತಡವಾಗಿ ಹೊರಟವರೇ. ಹಾಗಾಗಿ ಹೊತ್ತಿನ ಮಾತು ಇಲ್ಲಿ ಸ್ವಲ್ಪ ಜಾಸ್ತಿಯೇ ಬರುತ್ತದೆ.

## ಮೊದಲ ಸಲ ಹೋಗುವವರಿಗೆ

ಎರಡು ಮಹಡಿ ಹತ್ತಿದ್ರೇ ಏದುಸಿರು ಬರುತ್ತೆ. ನನ್ನ ಕೈಲಾಗುತ್ತಾ?

ಆಗುತ್ತದೆ, ನಿಧಾನಕ್ಕೆ ನಡೆದರೆ. ಮೊದಲ ಇಪ್ಪತ್ತು ನಿಮಿಷ ಎಲ್ಲರೂ ಹುರುಪಿನಲ್ಲಿ ಜೋರಾಗಿ ಹತ್ತುತ್ತಾರೆ, ಆಮೇಲೆ ಬಂಡೆ ಕಂಡಲ್ಲೆಲ್ಲ ಕೂರುತ್ತಾರೆ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾ ಹತ್ತಲು ಆಗಬೇಕು, ಅದೇ ನಿಮ್ಮ ವೇಗ. ಮಾತು ತುಂಡು ತುಂಡಾಗುತ್ತಿದೆ ಅಂದರೆ ನಿಲ್ಲುವುದು ಬೇಡ, ಹೆಜ್ಜೆ ಚಿಕ್ಕದು ಮಾಡಿ ಸಾಕು.

ಮೊದಲ ಸಲಕ್ಕೆ ನಾಲ್ಕೈದು ಕಿಲೋಮೀಟರ್, ಏರು ಒಟ್ಟು 200 ಮೀಟರಿನೊಳಗೆ ಇರುವ ದಾರಿ ಆರಿಸಿಕೊಳ್ಳಿ. ಹೃದಯದ ತೊಂದರೆ ಇದ್ದವರು, ನಡೆಯುವಾಗ ಎದೆ ಹಿಡಿದಂತಾಗುವವರು ಮಾತ್ರ ಮೊದಲು ಡಾಕ್ಟರನ್ನು ಕಾಣಬೇಕು. ಅದರಲ್ಲಿ ಉಡಾಫೆ ಬೇಡ.

ಬೋರ್ಡಲ್ಲಿ ‘ಸುಲಭ’ ಅಂತ ಬರೆದಿರ್ತಾರಲ್ಲ, ನಂಬಬಹುದಾ?

ಅರ್ಧ ನಂಬಿ. ಯಾವುದು ಸುಲಭ ಅನ್ನುವುದಕ್ಕೆ ಜಗತ್ತಿಗೆಲ್ಲ ಒಂದೇ ಅಳತೆ ಇಲ್ಲ. ಒಂದು ಪಾರ್ಕಿನ ‘ಸುಲಭ’ ಇನ್ನೊಂದರ ‘ಮಧ್ಯಮ’ ಇರಬಹುದು. ಆ ಪದ ಬಿಟ್ಟು ಮೂರು ಸಂಗತಿ ನೋಡಿ: ದೂರ ಎಷ್ಟು, ಏರು ಎಷ್ಟು, ಕಾಲಡಿಯ ನೆಲ ಎಂಥದ್ದು.

ಏರಿನ ವಿಷಯದಲ್ಲೇ ಜನ ಮೋಸ ಹೋಗುವುದು. ದಾರಿ ಶುರುವಾಗುವುದು 600 ಮೀಟರ್ ಎತ್ತರದಲ್ಲಿ, ಮುಗಿಯುವುದು 800ರಲ್ಲಿ ಅಂದರೆ 200 ಮೀಟರ್ ಹತ್ತಿದರಾಯ್ತು ಅಂದುಕೊಳ್ಳುತ್ತಾರೆ. ನಡುವೆ ಎರಡು ಹಳ್ಳ ಇಳಿದು ಹತ್ತುವುದಿದ್ದರೆ ಅದು 350 ಆಗಿರುತ್ತದೆ. ‘ಒಟ್ಟು ಏರು’ ಎಂದು ಕೊಟ್ಟಿರುವ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಇನ್ನು ನೆಲ: ಗಟ್ಟಿ ಮಣ್ಣಿನ ಅಗಲ ದಾರಿಯ ಆರು ಕಿಲೋಮೀಟರ್, ಬೇರು ಮತ್ತು ಉರುಳುಗಲ್ಲಿನ ಮೂರು ಕಿಲೋಮೀಟರಿಗಿಂತ ಹಗುರ.

ಐದು ಕಿಲೋಮೀಟರ್ ಅಂದ್ರೆ ಒಂದು ಗಂಟೆ ತಾನೆ?

ಪೇಟೆಯ ರಸ್ತೆಯಲ್ಲಿ ಹೌದು. ಬೆಟ್ಟದಲ್ಲಿ ಹತ್ತುವುದಕ್ಕೆ ಬೇರೆಯೇ ಲೆಕ್ಕ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಚಾರಣಿಗ 1892ರಲ್ಲಿ ಕೊಟ್ಟ ಸೂತ್ರವನ್ನು ಜನ ಇವತ್ತಿಗೂ ಬಳಸುತ್ತಾರೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ.

8 ಕಿಲೋಮೀಟರಿನ ದಾರಿ, 450 ಮೀಟರ್ ಏರು ಅಂತಿಟ್ಟುಕೊಳ್ಳಿ. ದೂರಕ್ಕೆ 96 ನಿಮಿಷ, ಏರಿಗೆ 45 ನಿಮಿಷ. ಒಟ್ಟು ಎರಡು ಗಂಟೆ ಇಪ್ಪತ್ತು ನಿಮಿಷ. ಆದರೆ ಇದು ಎಲ್ಲೂ ಕೂರದೆ, ಫೋಟೋ ತೆಗೆಯದೆ, ಗಟ್ಟಿಮುಟ್ಟಾದವರು ನಡೆದರೆ. ಹೊಸಬರು, ಮನೆಮಂದಿ ಜೊತೆ ಹೋಗುವವರು ಅದರ ಒಂದೂವರೆ ಪಟ್ಟು ಇಟ್ಟುಕೊಳ್ಳಿ, ಅಂದರೆ ಮೂರೂವರೆ ಗಂಟೆ. ಊಟಕ್ಕೆ ಕೂರುವ ಹೊತ್ತು ಬೇರೆ. ಗುಂಪಿನಲ್ಲಿ ಹತ್ತು ಜನ ಇದ್ದರೆ ಇನ್ನೂ ಜಾಸ್ತಿ, ಯಾಕೆಂದರೆ ಒಬ್ಬರ ಶೂ ಲೇಸು ಬಿಚ್ಚಿದರೂ ಹತ್ತೂ ಜನ ನಿಲ್ಲುತ್ತಾರೆ.

ಮಧ್ಯಾಹ್ನ ಊಟ ಮುಗಿಸಿ ಹೊರಟ್ರೆ ನಡೆಯಲ್ವಾ? ಸೂರ್ಯ ಮುಳುಗೋದು ಆರೂವರೆಗೆ.

ಕಾಡಿನಲ್ಲಿ ಆರೂವರೆಯವರೆಗೆ ಬೆಳಕಿರುವುದಿಲ್ಲ. ಪಂಚಾಂಗ ಹೇಳುವುದು ಬಯಲಿನ ಸೂರ್ಯಾಸ್ತ. ನಿಮ್ಮ ದಾರಿ ಬೆಟ್ಟದ ಪೂರ್ವದ ಮೈಮೇಲಿದ್ದರೆ ಸೂರ್ಯ ಎಷ್ಟೋ ಮೊದಲೇ ಬೆನ್ನ ಹಿಂದಿನ ದಿಣ್ಣೆಯ ಮರೆಗೆ ಹೋಗಿಬಿಡುತ್ತಾನೆ. ಮೇಲೆ ಮರಗಳ ಚಪ್ಪರ ಬೇರೆ. ದಟ್ಟ ಮಳೆಕಾಡಿನ ನೆಲಕ್ಕೆ ನಡುಹಗಲಲ್ಲೇ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು ತಲುಪುತ್ತದೆ ಅಷ್ಟೆ. ಆಕಾಶ ಇನ್ನೂ ಬೆಳ್ಳಗಿರುವಾಗಲೇ ಕಾಲ ಬುಡದ ಬೇರು ಕಾಣಿಸದ ಹೊತ್ತು ಬಂದುಬಿಡುತ್ತದೆ.

ಹೊರಡುವಾಗಲೇ ವಾಪಸ್ ತಿರುಗುವ ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ಉದಾಹರಣೆಗೆ ‘ಒಂದು ಗಂಟೆಗೆ ಎಲ್ಲೇ ಇದ್ದರೂ ತಿರುಗುವುದು’. ತುದಿ ಇನ್ನು ಹತ್ತೇ ನಿಮಿಷ ಅಂತ ಎದುರಿಗೆ ಬಂದವರು ಹೇಳಿದರೂ ತಿರುಗುವುದು. ಎದುರಿಗೆ ಬರುವವರ ‘ಹತ್ತೇ ನಿಮಿಷ’ ಯಾವತ್ತೂ ಹತ್ತು ನಿಮಿಷ ಆಗಿರುವುದಿಲ್ಲ, ಅವರು ಇಳಿದು ಬರುತ್ತಿರುತ್ತಾರೆ.

ಮಗಳಿಗೆ ನಾಲ್ಕು ವರ್ಷ. ಕರ್ಕೊಂಡು ಹೋಗಬಹುದಾ?

ಖಂಡಿತ, ಆದರೆ ಅವಳಿಗೆ ತುದಿಯ ನೋಟ ಬೇಕಿಲ್ಲ ಅನ್ನುವುದು ನೆನಪಿರಲಿ. ಆ ವಯಸ್ಸಿನ ಮಕ್ಕಳು ದಾರಿಯ ಪಕ್ಕದ ಒಂದು ಕೊಳೆತ ಮರದ ಬೊಡ್ಡೆಯ ಹತ್ತಿರ ಕಾಲು ಗಂಟೆ ಕೂರುತ್ತಾರೆ. ತೊಗಟೆ ಎಬ್ಬಿಸಿದರೆ ಸಹಸ್ರಪದಿ ಸುರುಳಿ ಸುತ್ತಿಕೊಳ್ಳುತ್ತದೆ, ಅದು ಮತ್ತೆ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ಆಮೇಲೆ ಜೇಬಿಗೆ ಕಲ್ಲು. ಇದಕ್ಕೆಲ್ಲ ಹೊತ್ತು ಇಟ್ಟುಕೊಂಡೇ ಹೋಗಿ. ಎರಡು ಮೂರು ಕಿಲೋಮೀಟರಿನ, ನಡುವೆ ತೊರೆ ಅಥವಾ ಬಂಡೆ ಇರುವ ಸುತ್ತು ದಾರಿ ಒಳ್ಳೆಯದು. ವಾಪಸ್ ಬರುವಾಗ ಹೊತ್ತುಕೊಳ್ಳುವುದು ಯಾರು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಿ.

ಒಬ್ಬಳೇ ಹೋಗಬೇಕು ಅಂತ ಆಸೆ. ಸರಿನಾ?

ಜನ ಓಡಾಡುವ ದಾರಿ, ರಜೆಯ ದಿನದ ಬೆಳಿಗ್ಗೆ: ಮೊದಲ ಸಲಕ್ಕೆ ಇದು ಸರಿ. ಯಾವ ದಾರಿಯಲ್ಲಿ ಹತ್ತಿ ಯಾವುದರಲ್ಲಿ ಇಳಿಯುತ್ತೀರಿ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ ಎಂದು ಒಬ್ಬರಿಗಾದರೂ ಬರೆದು ಕಳಿಸಿ. ಫೋನ್ ಬರದಿದ್ದರೆ ಅವರು ಎಷ್ಟು ಗಂಟೆಗೆ ಯಾರಿಗೆ ತಿಳಿಸಬೇಕು ಅನ್ನುವುದನ್ನೂ ಸೇರಿಸಿ. ‘ಬೆಟ್ಟಕ್ಕೆ ಹೋಗ್ತಿದೀನಿ’ ಅಂತಷ್ಟೇ ಹೇಳಿ ಹೋದರೆ ಹುಡುಕುವವರಿಗೆ ಅದರಿಂದ ಏನೂ ಉಪಯೋಗವಿಲ್ಲ.

## ಕಾಲಿಗೆ, ಮೈಗೆ, ಬ್ಯಾಗಿಗೆ

ಟ್ರೆಕಿಂಗ್ ಶೂ ತಗೋಬೇಕಾ, ಇರೋದೇ ಸಾಕಾ?

ಒಣ ದಿನ, ಒಳ್ಳೆ ದಾರಿ ಅಂದರೆ ಇರುವ ಓಟದ ಶೂ ಸಾಕು. ಅಟ್ಟೆಯಲ್ಲಿ ಹಲ್ಲು ಸವೆದಿರಬಾರದು, ಇಳಿಯುವಾಗ ಹೆಬ್ಬೆರಳು ಮುಂದೆ ತಾಗಬಾರದು. ಉಗುರು ಕಪ್ಪಾಗುವುದು ಹಾಗೆ ತಾಗಿಯೇ. ಹೊಸ ಶೂ ಹಾಕಿಕೊಂಡು ನೇರವಾಗಿ ಬೆಟ್ಟಕ್ಕೆ ಹೋಗಬೇಡಿ, ವಾರ ಮನೆ ಸುತ್ತಮುತ್ತ ನಡೆದು ಪಳಗಿಸಿ.

ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಶೂ ನೋಡಲು ಹೊಸದರಂತೆ ಇರುತ್ತದೆ. ಆದರೆ ಅದರ ಅಟ್ಟೆ ಪಾಲಿಯುರೆಥೇನಿನದ್ದಾದರೆ ಗಾಳಿಯ ತೇವಕ್ಕೇ ಒಳಗೊಳಗೆ ಪುಡಿಯಾಗುತ್ತಿರುತ್ತದೆ. ಹಾಕಿಕೊಂಡು ಒಂದು ಗಂಟೆ ನಡೆದ ಮೇಲೆ ಅಟ್ಟೆ ಬಾಯಿ ತೆರೆದು ಪಟಪಟ ಬಡಿಯಲು ಶುರು. ಹಳೇ ಶೂ ಇದ್ದರೆ ಹಿಂದಿನ ದಿನ ಕೈಯಲ್ಲಿ ಹಿಡಿದು ಚೆನ್ನಾಗಿ ಬಗ್ಗಿಸಿ, ಹೆಬ್ಬೆಟ್ಟಿನಿಂದ ಅಟ್ಟೆ ಒತ್ತಿ ನೋಡಿ. ಬಿರುಕು ಬಿಟ್ಟರೆ, ಪುಡಿ ಉದುರಿದರೆ ಅದರ ಕಾಲ ಮುಗಿಯಿತು.

ಜೀನ್ಸ್ ಹಾಕೊಂಡ್ರೆ ಏನಾಗುತ್ತೆ?

ಒಣಗಿರುವವರೆಗೆ ಏನೂ ಆಗುವುದಿಲ್ಲ. ಒದ್ದೆಯಾದರೆ ಭಾರ, ಒಣಗುವುದಿಲ್ಲ, ತೊಡೆ ಉಜ್ಜುತ್ತದೆ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ. ಮೇಲೆ ಹೋದ ಹಾಗೆ ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿಯಷ್ಟು ತಂಪಾಗುತ್ತದೆ. 600 ಮೀಟರ್ ಹತ್ತಿದರೆ ಕೆಳಗಿಗಿಂತ ನಾಲ್ಕು ಡಿಗ್ರಿ ಕಮ್ಮಿ, ಜೊತೆಗೆ ಗಾಳಿ. ಬೆವರಿನಲ್ಲಿ ನೆಂದ ಕಾಟನ್ ಟೀ ಶರ್ಟು ತುದಿಯಲ್ಲಿ ಕೂತಾಗ ನಡುಗಿಸುವುದು ಇದಕ್ಕೇ. ಬೇಗ ಒಣಗುವ ಬಟ್ಟೆ, ಮೇಲೊಂದು ತೆಳು ಜಾಕೆಟ್ಟು. ತೋಳು ಮುಚ್ಚಿದ್ದರೆ ಹುಳಕ್ಕೂ ಮುಳ್ಳಿಗೂ ಒಳ್ಳೆಯದು.

ನೀರು ಎಷ್ಟು ಒಯ್ಯಬೇಕು?

ನಡೆಯುವ ಪ್ರತಿ ಗಂಟೆಗೆ ಸುಮಾರು ಅರ್ಧ ಲೀಟರ್. ಸೆಕೆ ಇದ್ದರೆ ಜಾಸ್ತಿ. ಬಾಯಾರಿದಾಗ ಕುಡಿಯಿರಿ, ಭಯಕ್ಕೆ ಲೀಟರುಗಟ್ಟಲೆ ಕುಡಿಯಬೇಡಿ. ಉಪ್ಪಿನಂಶವಿಲ್ಲದೆ ಬರೀ ನೀರು ಅತಿಯಾದರೆ ರಕ್ತದ ಸೋಡಿಯಂ ಇಳಿದು ತಲೆ ಸುತ್ತು, ವಾಂತಿ ಬರಬಹುದು. ತಿನ್ನಲು ಏನಾದರೂ ಉಪ್ಪು ಇರುವುದು ಜೊತೆಗಿರಲಿ.

ಬ್ಯಾಗಲ್ಲಿ ಇರಲೇಬೇಕಾದ್ದು ಏನೇನು?

ನೀರು, ತಿಂಡಿ, ಟಾರ್ಚು, ಸೀಟಿ, ಮಳೆಗೆ ಹೊದಿಕೆ, ಬ್ಯಾಂಡೇಜು, ಫೋನಿಗೆ ಪವರ್ ಬ್ಯಾಂಕು. ಟಾರ್ಚು ಹಗಲು ಚಾರಣಕ್ಕೂ ಬೇಕು. ಫೋನಿನ ಟಾರ್ಚು ಲೆಕ್ಕಕ್ಕಿಲ್ಲ, ಅದೇ ಬ್ಯಾಟರಿ ಫೋನ್ ಮಾಡಲೂ ಬೇಕಲ್ವಾ?

ಹಿಮ್ಮಡಿಯಲ್ಲಿ ಯಾವಾಗಲೂ ಬೊಬ್ಬೆ ಬರುತ್ತೆ.

ಬೊಬ್ಬೆ ಏಳುವ ಮುಂಚೆ ಆ ಜಾಗ ಬಿಸಿಯಾಗಿ ಚುರುಗುಟ್ಟುತ್ತದೆ. ಆಗಲೇ ನಿಂತು ಟೇಪು ಹಚ್ಚಿದರೆ ಮುಂದುವರಿಯುವುದಿಲ್ಲ. ಎಲ್ಲರನ್ನೂ ನಿಲ್ಲಿಸಲು ಸಂಕೋಚಪಟ್ಟು ‘ಆಮೇಲೆ ನೋಡೋಣ’ ಅನ್ನುವವರಿಗೇ ಬೊಬ್ಬೆ. ತೆಳುವಾದ ಸಾಕ್ಸಿನ ಮೇಲೆ ದಪ್ಪ ಸಾಕ್ಸು ಹಾಕಿದರೆ ಉಜ್ಜಾಟ ಸಾಕ್ಸುಗಳ ನಡುವೆ ಆಗುತ್ತದೆ, ಚರ್ಮ ಉಳಿಯುತ್ತದೆ.

## ದಾರಿಯ ಮೇಲೆ

ಹತ್ತೋವಾಗ ಏನೂ ಆಗಲ್ಲ, ಇಳಿಯೋವಾಗ ಮೊಣಕಾಲು ನೋಯುತ್ತೆ. ಯಾಕೆ?

ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಮೈಯನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಬ್ರೇಕಿನ ಕೆಲಸ ಮಾಡುತ್ತದೆ. ಉಸಿರಿಗೆ ಇಳಿಜಾರು ಸಲೀಸು, ಆದರೆ ಸ್ನಾಯುವಿನ ಎಳೆಗಳಿಗೆ ಪೆಟ್ಟು ಬೀಳುವುದು ಅಲ್ಲೇ. ನೋವು ಮಾರನೇ ದಿನವೋ ಮೂರನೇ ದಿನವೋ ಜೋರಾಗುವುದೂ ಇದಕ್ಕೇ. ಅದು ತಾನೇ ಹೋಗುತ್ತದೆ.

ಇಳಿಯುವಾಗ ಮೊಣಕಾಲನ್ನು ನೆಟ್ಟಗೆ ಬೀಗಿ ಹಿಡಿಯಬೇಡಿ, ಸ್ವಲ್ಪ ಬಗ್ಗಿಸಿ ಇಡಿ. ಹೆಜ್ಜೆ ಚಿಕ್ಕದಿರಲಿ. ಎತ್ತರದ ಮೆಟ್ಟಿಲಿದ್ದರೆ ಧೊಪ್ ಎಂದು ಇಳಿಯದೆ ಪಕ್ಕಕ್ಕೆ ತಿರುಗಿ ಇಳಿಯಿರಿ. ಕೈಗೆ ಎರಡು ಕೋಲಿದ್ದರೆ ಮಂಡಿಯ ಭಾರ ಒಂದಿಷ್ಟು ತೋಳಿಗೆ ಹೋಗುತ್ತದೆ. ಇಳಿಯುವಾಗ ಕೋಲನ್ನು ಸ್ವಲ್ಪ ಉದ್ದ ಮಾಡಿಕೊಳ್ಳಿ, ಇಲ್ಲದಿದ್ದರೆ ಮುಂದಕ್ಕೆ ಬಾಗಬೇಕಾಗುತ್ತದೆ. ಮಂಡಿ ಊದಿಕೊಂಡರೆ, ಒಳಗೆ ಸಿಕ್ಕಿಹಾಕಿಕೊಂಡಂತೆ ಆದರೆ ಅದು ಸುಮ್ನೆ ಮೈಕೈ ನೋವಲ್ಲ, ತೋರಿಸಿಕೊಳ್ಳಿ.

ಎಲ್ಲರೂ ಶಾರ್ಟ್‌ಕಟ್‌ನಲ್ಲಿ ಇಳೀತಾರೆ. ನಾನೊಬ್ಬ ಇಳಿದ್ರೆ ಏನು?

ಬೆಟ್ಟದ ದಾರಿಯನ್ನು ಹಾವಿನ ಹಾಗೆ ತಿರುಗಿಸಿ ತಿರುಗಿಸಿ ಮಾಡಿರುವುದು ನಡೆಯುವವರಿಗೆ ಸಲೀಸಾಗಲಿ ಅಂತ ಮಾತ್ರ ಅಲ್ಲ, ಮಳೆನೀರಿಗೆ ವೇಗ ಸಿಗದಿರಲಿ ಅಂತಲೂ ಹೌದು. ತಿರುವುಗಳನ್ನು ಕತ್ತರಿಸಿ ನೇರ ಇಳಿದ ಜಾಗದಲ್ಲಿ ಮೊದಲು ಹುಲ್ಲು ಸಾಯುತ್ತದೆ. ಆಮೇಲೆ ಮಳೆನೀರು ಅದನ್ನೇ ತನ್ನ ದಾರಿ ಮಾಡಿಕೊಳ್ಳುತ್ತದೆ. ಒಂದೆರಡು ಮಳೆಗಾಲದಲ್ಲಿ ಅಲ್ಲಿ ಮಂಡಿಯುದ್ದ ಕೊರಕಲು, ಮಣ್ಣು ಹೋಗಿ ಬೇರುಗಳು ಬರಿದಾಗಿ ನೇತಾಡುತ್ತಿರುತ್ತವೆ. ಕೆಳಗಿನ ತಿರುವಿನ ಮೇಲೆ ಆ ಮಣ್ಣೆಲ್ಲ ಬಂದು ಕೂರುತ್ತದೆ, ಆಗ ನಡೆಯುವವರು ಅದನ್ನೂ ತಪ್ಪಿಸಿ ಪಕ್ಕದ ಗಿಡ ತುಳಿಯುತ್ತಾರೆ. ಹೀಗೆ ದಾರಿ ಅಗಲವಾಗುತ್ತಾ ಹೋಗುತ್ತದೆ. ಜಾರಿ ಬೀಳುವುದೂ ಜಾಸ್ತಿ ಅಲ್ಲೇ.

ಇದೇ ಕಾರಣಕ್ಕೆ ದಾರಿಯಲ್ಲಿ ಕೆಸರಿದ್ದರೆ ಪಕ್ಕದಲ್ಲಿ ಹೋಗದೆ ಕೆಸರಿನಲ್ಲೇ ನಡೆಯಿರಿ. ಶೂ ತೊಳೆದರೆ ಹೋಗುತ್ತದೆ.

ಬಾಳೆಹಣ್ಣಿನ ಸಿಪ್ಪೆ ಎಸೆದ್ರೆ ಗೊಬ್ಬರ ಆಗುತ್ತಲ್ಲ?

ಆಗುತ್ತದೆ, ಬಹಳ ನಿಧಾನಕ್ಕೆ. ತಂಪಾದ, ಒಣ ಜಾಗದಲ್ಲಿ ಸಿಪ್ಪೆ ತಿಂಗಳುಗಟ್ಟಲೆ ಕಪ್ಪಗೆ ಬಿದ್ದಿರುತ್ತದೆ. ಅಷ್ಟರಲ್ಲಿ ಪ್ರಾಣಿಗಳು ಬರುತ್ತವೆ. ಜನ ಕೂರುವ ಬಂಡೆ ಅಂದರೆ ಊಟ ಅಂತ ಕಲಿತ ಕೋತಿ, ಹಂದಿ, ಕರಡಿ ಆಮೇಲೆ ಬ್ಯಾಗಿಗೇ ಕೈ ಹಾಕುತ್ತವೆ. ಕೊನೆಗೆ ಪೆಟ್ಟು ತಿನ್ನುವುದೋ ಹಿಡಿದು ಸಾಗಿಸಲ್ಪಡುವುದೋ ಆ ಪ್ರಾಣಿಯೇ. ಒಂದು ಕವರು ಒಯ್ದು ಎಲ್ಲ ಅದರಲ್ಲಿ ಹಾಕಿ ವಾಪಸ್ ತನ್ನಿ.

ತೊರೆ ನೀರು ಎಷ್ಟು ತಿಳಿಯಾಗಿದೆ! ಕುಡೀಬಹುದಾ?

ತಿಳಿ ಇದ್ದ ಮಾತ್ರಕ್ಕೆ ಶುದ್ಧ ಅಲ್ಲ. ಮೇಲೆಲ್ಲೋ ಪ್ರಾಣಿ ಸತ್ತಿರಬಹುದು, ಮನುಷ್ಯರು ಕೂತೆದ್ದಿರಬಹುದು. ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ತಣ್ಣೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ, ಭೇದಿ ಶುರುವಾಗುವುದು ಒಂದೆರಡು ವಾರ ಕಳೆದ ಮೇಲೆ. ಹಾಗಾಗಿ ‘ನಾನು ಕುಡಿದೆ, ಏನೂ ಆಗಲಿಲ್ಲ’ ಅನ್ನುವವರ ಮಾತಿಗೆ ಬೆಲೆ ಕಮ್ಮಿ. ಕುಡಿಯಲೇಬೇಕಾದರೆ ಕುದಿಸಿ: ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಮೇಲಾದರೆ ಮೂರು ನಿಮಿಷ.

ಕೇಳೋಕೆ ಮುಜುಗರ. ಅರ್ಜೆಂಟ್ ಆದ್ರೆ ಏನು ಮಾಡೋದು?

ಮುಜುಗರ ಯಾಕೆ, ಎಲ್ಲರಿಗೂ ಆಗುವುದೇ. ದಾರಿಯಿಂದಲೂ ನೀರಿನಿಂದಲೂ 60 ಮೀಟರ್ ದೂರ ಹೋಗಿ. ಗೇಣುದ್ದ ಅಂದರೆ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಮುಗಿದ ಮೇಲೆ ಮುಚ್ಚಿ. ಪೇಪರು, ಪ್ಯಾಡು ಕವರಿನಲ್ಲಿ ವಾಪಸ್ ಬರಬೇಕು. ಹೋಗುವ ದಿಕ್ಕನ್ನು ಜೊತೆಯವರಿಗೆ ಹೇಳಿ ಹೋಗಿ, ದಾರಿ ತಪ್ಪುವವರಲ್ಲಿ ಈ ಕೆಲಸಕ್ಕೆ ಹೋದವರೂ ಇರುತ್ತಾರೆ.

ಸ್ಪೀಕರಲ್ಲಿ ಹಾಡು ಹಾಕಿದ್ರೆ ಪ್ರಾಣಿ ಹತ್ರ ಬರಲ್ಲ ಅಂತಾರೆ?

ಹಕ್ಕಿಗಳೂ ಬರುವುದಿಲ್ಲ, ಬೇರೆ ಚಾರಣಿಗರೂ ಬರುವುದಿಲ್ಲ. ಪ್ರಾಣಿಗೆ ನಿಮ್ಮ ಇರವು ಗೊತ್ತಾಗಲು ಮಾಮೂಲಿ ಮಾತುಕತೆ ಸಾಕು. ಹಾಡು ಬೇಕೇ ಬೇಕು ಅಂದರೆ ಒಂದು ಕಿವಿಗೆ ಇಯರ್‌ಫೋನು, ಇನ್ನೊಂದು ಕಿವಿ ಕಾಡಿಗೆ.

ನಾಯಿ ಕರ್ಕೊಂಡು ಹೋಗಬಹುದಾ?

ಎಷ್ಟೋ ಪಾರ್ಕುಗಳಲ್ಲಿ ನಾಯಿಗೆ ಪ್ರವೇಶವಿಲ್ಲ, ಕೇಳಿಕೊಂಡು ಹೋಗಿ. ಬಿಡುತ್ತಾರೆ ಅಂದರೆ ಹಗ್ಗ ಬಿಚ್ಚಬೇಡಿ. ನಾಯಿ ಕಾಡುಪ್ರಾಣಿಯನ್ನು ಕೆಣಕಿ, ಅದು ಅಟ್ಟಿಸಿಕೊಂಡು ಬಂದಾಗ ಓಡಿ ಬರುವುದು ನಿಮ್ಮ ಹತ್ತಿರವೇ.

## ಹುಳ, ಹಾವು, ಜೇನು

ಇಂಬಳ ಕಚ್ಚಿದ್ರೆ ಉಪ್ಪು ಹಾಕಬೇಕು ಅಲ್ವಾ? ಉಣ್ಣೆಗೂ ಅದೇನಾ?

ಎರಡಕ್ಕೂ ಬೇಡ. ಇಂಬಳದ ಸಪೂರ ತುದಿ ಬಾಯಿ. ಅದರ ಪಕ್ಕದಲ್ಲಿ ಉಗುರನ್ನು ಚರ್ಮಕ್ಕೆ ಒತ್ತಿ ಅಡ್ಡಕ್ಕೆ ಸರಿಸಿದರೆ ಹಿಡಿತ ಬಿಡುತ್ತದೆ. ಉಪ್ಪು, ಬೆಂಕಿಕಡ್ಡಿ ಪ್ರಯೋಗ ಮಾಡಿದರೆ ಅದು ಕುಡಿದದ್ದನ್ನು ಗಾಯಕ್ಕೇ ಕಕ್ಕಬಹುದು. ಬಿಟ್ಟ ಮೇಲೂ ರಕ್ತ ಬಹಳ ಹೊತ್ತು ಒಸರುತ್ತದೆ. ಗಾಬರಿ ಬೇಡ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಎಂಬ ವಸ್ತು ಅದರ ಎಂಜಲಿನಲ್ಲಿರುತ್ತದೆ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.

ಉಣ್ಣೆಯ ವಿಷಯ ಬೇರೆ, ಅದು ಕಾಯಿಲೆ ಹರಡಬಲ್ಲದು. ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೆಟ್ಟಗೆ ನಿಧಾನವಾಗಿ ಎಳೆಯಿರಿ. ತಿರುಚಬೇಡಿ, ಎಣ್ಣೆ ಸವರಬೇಡಿ, ಸುಡಬೇಡಿ. ಮನೆಗೆ ಬಂದ ಮೇಲೆ ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂಭಾಗ ನೋಡಿಕೊಳ್ಳಿ. ಮುಂದಿನ ಕೆಲವು ವಾರದಲ್ಲಿ ಜ್ವರವೋ ದದ್ದೋ ಬಂದರೆ ಡಾಕ್ಟರಿಗೆ ‘ಕಾಡಿಗೆ ಹೋಗಿದ್ದೆ, ಉಣ್ಣೆ ಕಚ್ಚಿತ್ತು’ ಅಂತ ಮೊದಲೇ ಹೇಳಿ.

ಹಾವು ಅಂದ್ರೆ ನನಗೆ ಪ್ರಾಣಭಯ. ಬರಲಾ, ಬೇಡ್ವಾ?

ಬನ್ನಿ. ಹಾವಿಗೆ ನಿಮ್ಮಿಂದ ದೂರ ಇರುವುದೇ ಇಷ್ಟ, ನೆಲದ ಅದುರು ತಿಳಿದೇ ಎಷ್ಟೋ ಸಲ ಸರಿದು ಹೋಗಿರುತ್ತದೆ. ಕೈಕಾಲು ಇಡುವ ಜಾಗ ನೋಡಿ ಇಡುವುದೇ ಮುಖ್ಯ. ಬಿದ್ದ ಮರವನ್ನು ಒಮ್ಮೆಲೇ ದಾಟಬೇಡಿ, ಮೇಲೆ ನಿಂತು ಆಚೆ ಬದಿ ನೋಡಿ ಇಳಿಯಿರಿ.

ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಇವು ಯಾವುವೂ ಬೇಡ. ಉಂಗುರ, ಬಳೆ, ಶೂ ತೆಗೆಯಿರಿ, ಊದಿಕೊಂಡರೆ ಕಷ್ಟ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಕಟ್ಟಿ, ಆದಷ್ಟು ಹೊತ್ತುಕೊಂಡೇ ಬೇಗ ಆಸ್ಪತ್ರೆಗೆ ಸಾಗಿಸಿ. ಹಾವನ್ನು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದು ಬೇಡ.

ಹೆಜ್ಜೇನು ಎದ್ದರೆ ಮಲಗಬೇಕಾ, ಓಡಬೇಕಾ?

ಓಡಿ. ಮುಖ ಮುಚ್ಚಿಕೊಂಡು, ನೇರವಾಗಿ, ನಿಲ್ಲದೆ. ಕಟ್ಟಡವೋ ವಾಹನವೋ ಸಿಕ್ಕರೆ ಒಳಗೆ ಸೇರಿಕೊಳ್ಳಿ. ನೀರಿಗೆ ಹಾರಿದರೆ ಪ್ರಯೋಜನವಿಲ್ಲ, ತಲೆ ಎತ್ತುವವರೆಗೆ ಅವು ಮೇಲೇ ಕಾಯುತ್ತವೆ. ಒಂದು ನೊಣ ಕುಟುಕಿದಾಗ ಉಳಿದವನ್ನು ಕರೆಯುವ ವಾಸನೆ ಬಿಡುತ್ತದೆ. ಬಾಳೆಹಣ್ಣಿನ ಪರಿಮಳಕ್ಕೆ ಕಾರಣವಾದ ಐಸೋಅಮೈಲ್ ಅಸಿಟೇಟ್ ಆ ವಾಸನೆಯಲ್ಲೂ ಇದೆ. ಹಾಗಾಗಿ ಕೈ ಬೀಸಿ ಹೊಡೆಯುತ್ತಾ ನಿಂತಷ್ಟೂ ಇನ್ನಷ್ಟು ಬರುತ್ತವೆ. ದೂರ ಬಂದ ಮೇಲೆ ಮುಳ್ಳುಗಳನ್ನು ಉಗುರಿನಿಂದಲೋ ಹೇಗಾದರೋ ಬೇಗ ಕೆರೆದು ತೆಗೆಯಿರಿ, ಅವು ವಿಷ ತುಂಬುತ್ತಲೇ ಇರುತ್ತವೆ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ ಒಂದು ಕ್ಷಣವೂ ಕಾಯಬೇಡಿ. ಬಂಡೆಯ ಕೆಳಗೆ ಕರಿ ತಟ್ಟೆಯಂತೆ ಗೂಡು ನೇತಾಡುವುದು ಕಂಡರೆ ಅಲ್ಲಿ ಸೆಂಟು, ಹೊಗೆ, ಗದ್ದಲ ಯಾವುದೂ ಬೇಡ.

## ಎಡವಟ್ಟಾದರೆ

ಫೋನಲ್ಲಿ ಮ್ಯಾಪ್ ಇದ್ರೆ ದಾರಿ ತಪ್ಪೋದು ಹೇಗೆ?

ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಅದು 20,000 ಕಿಲೋಮೀಟರಿಗೂ ಮೇಲಿರುವ ಉಪಗ್ರಹಗಳಿಂದ ಸಿಗ್ನಲ್ ಹಿಡಿಯುತ್ತದೆ. ಆದರೆ ಮ್ಯಾಪಿನ ಚಿತ್ರ ಬರಲು ನೆಟ್‌ವರ್ಕ್ ಬೇಕು. ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳದಿದ್ದರೆ ಬರೀ ಬೂದು ಪರದೆಯ ಮೇಲೆ ಒಂದು ನೀಲಿ ಚುಕ್ಕೆ. ಕಡಿದಾದ ಕಣಿವೆಯಲ್ಲಿ, ದಟ್ಟ ಮರಗಳಡಿ ಆ ಚುಕ್ಕೆಯೂ ಹತ್ತಾರು ಮೀಟರ್ ಆಚೀಚೆ ಹಾರುತ್ತಿರುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಫೋನು ಟವರ್ ಹುಡುಕುತ್ತಾ ಬ್ಯಾಟರಿ ತಿಂದು ಮುಗಿಸುತ್ತದೆ. ಏರ್‌ಪ್ಲೇನ್ ಮೋಡಿನಲ್ಲಿಡಿ, ಈಗಿನ ಬಹುತೇಕ ಫೋನುಗಳಲ್ಲಿ ಆಗಲೂ ಜಿಪಿಎಸ್ ಕೆಲಸ ಮಾಡುತ್ತದೆ.

ಮ್ಯಾಪಿಗಿಂತ ಉಪಯೋಗಕ್ಕೆ ಬರುವ ಅಭ್ಯಾಸ ಒಂದಿದೆ. ಪ್ರತಿ ಕವಲಿನಲ್ಲೂ ನಿಂತು, ಹಿಂದಕ್ಕೆ ತಿರುಗಿ ನೋಡಿ. ವಾಪಸ್ ಬರುವಾಗ ಕಾಣುವುದು ಆ ನೋಟವೇ. ಹೋಗುವಾಗ ಎದ್ದು ಕಾಣುವ ಕವಲು ಬರುವಾಗ ಎಷ್ಟೋ ಸಲ ಪೊದೆಯ ಮರೆಯಲ್ಲಿರುತ್ತದೆ. ಒಂದು ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ದಾರಿ ತಪ್ಪಿದೆ ಅಂತ ಅನ್ನಿಸಿದ್ರೆ ಕೆಳಗೆ ಇಳೀತಾ ಹೋದ್ರೆ ಊರು ಸಿಗುತ್ತಲ್ವಾ?

ಕೆಳಗೆ ಸಿಟಿಯ ದೀಪ ಕಾಣುತ್ತಿರುತ್ತದೆ, ಅದೇ ಕಷ್ಟ. ಹತ್ತಿರ ಇದೆ ಅನ್ನಿಸಿ ಜನ ತೊರೆ ಹಿಡಿದು ಇಳಿಯುತ್ತಾರೆ. ಬೆಟ್ಟದ ತೊರೆ ನಡುವೆ ಜಲಪಾತವಾಗಿ ಧುಮುಕುತ್ತದೆ. ಪಾಚಿ ಕಟ್ಟಿದ ಬಂಡೆಯ ಮೇಲೆ ಹತ್ತಲೂ ಆಗದೆ ಇಳಿಯಲೂ ಆಗದೆ ಸಿಕ್ಕಿಕೊಳ್ಳುವುದು ಅಲ್ಲಿಯೇ.

ಅನುಮಾನ ಬಂದ ತಕ್ಷಣ ನಿಲ್ಲಿ, ಕೂತು ನೀರು ಕುಡಿಯಿರಿ. ಕೊನೆಯ ಗುರುತು ಕಂಡದ್ದು ಎಲ್ಲಿ ಎಂದು ನೆನಪಿಸಿಕೊಂಡು, ಬಂದ ದಾರಿ ಖಚಿತವಿದ್ದರೆ ಅಲ್ಲಿಗೆ ವಾಪಸ್ ಹೋಗಿ. ಖಚಿತವಿಲ್ಲದಿದ್ದರೆ ಅಲ್ಲೇ ಇರಿ. ಫೋನು ಹತ್ತಿದರೆ ಆ ದೇಶದ ತುರ್ತು ಸಂಖ್ಯೆಗೆ ಕರೆ ಮಾಡಿ (ಅನೇಕ ದೇಶಗಳಲ್ಲಿ 112). ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ತುರ್ತು ಕರೆ ಹೋಗಬಹುದು. ಸೀಟಿಯಿದ್ದರೆ ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಇದು ಯುರೋಪಿನ ಬೆಟ್ಟಗಳಲ್ಲಿ ಹತ್ತೊಂಬತ್ತನೇ ಶತಮಾನದಿಂದ ಬಂದ ಪದ್ಧತಿ. ಉತ್ತರ ಅಮೆರಿಕದಲ್ಲಿ ಮೂರು ಸಲ. ಯಾವುದಾದರೂ ಸರಿ, ಎಣಿಸಿದಂತೆ ಕೇಳಬೇಕು. ಕೂಗಿದರೆ ಗಂಟಲು ಬೇಗ ಸೋಲುತ್ತದೆ, ಸೀಟಿ ಸೋಲುವುದಿಲ್ಲ.

ಗುಡುಗು ಶುರುವಾದ್ರೆ ದೊಡ್ಡ ಮರದ ಕೆಳಗೆ ನಿಲ್ಲಬಹುದಾ?

ಒಂಟಿ ಮರದ ಕೆಳಗೆ ಬೇಡವೇ ಬೇಡ. ತುದಿ, ಬಯಲು ಬಂಡೆ, ಕಬ್ಬಿಣದ ಬೇಲಿ ಬಿಟ್ಟು ಕೆಳಗಿಳಿಯಿರಿ. ಹೆಚ್ಚುಕಮ್ಮಿ ಒಂದೇ ಎತ್ತರದ ಚಿಕ್ಕ ಮರಗಳ ನಡುವೆ ಇದ್ದರೆ ಅಪಾಯ ಕಮ್ಮಿ, ಪೂರ್ತಿ ತಪ್ಪಿತು ಅಂತಲ್ಲ. ಮಿಂಚು ಕಂಡು ಗುಡುಗು ಕೇಳುವ ನಡುವಿನ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಆದರೆ ಗುಡುಗು ಕೇಳಿಸುತ್ತಿದೆ ಅಂದರೇ ಸಿಡಿಲು ತಲುಪುವಷ್ಟು ಹತ್ತಿರದಲ್ಲಿದ್ದೀರಿ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಕಾಯಿರಿ. ಗುಂಪಾಗಿ ಒತ್ತಿ ನಿಲ್ಲದೆ ಬಿಡಿಬಿಡಿಯಾಗಿ ನಿಂತರೆ ಒಬ್ಬರಿಗೆ ಬಡಿದರೂ ಉಳಿದವರು ಸಹಾಯ ಮಾಡಬಹುದು.

ಜೋರು ಗಾಳಿಯ ದಿನವೂ ಕಾಡು ಬೇಡ. ಒಣಗಿ ಮರದ ಮೇಲೇ ಸಿಕ್ಕಿಕೊಂಡಿರುವ ಕೊಂಬೆಗಳು ಬೀಳುವುದು ಆಗಲೇ. ಊಟಕ್ಕೆ ಕೂರುವ ಮುಂಚೆ ಒಮ್ಮೆ ತಲೆ ಎತ್ತಿ ನೋಡುವುದು ಒಳ್ಳೆಯದು.

ಕಾಲು ಉಳುಕಿದ್ರೆ ನಡೆದು ಬರಬಹುದಾ?

ಆ ಕಾಲಿನ ಮೇಲೆ ನಾಲ್ಕು ಹೆಜ್ಜೆ ಇಡಲು ಆದರೆ, ಶೂ ಬಿಚ್ಚದೆ ಲೇಸು ಬಿಗಿ ಮಾಡಿಕೊಂಡು ಕೋಲೂರಿ ನಿಧಾನಕ್ಕೆ ಬನ್ನಿ. ಬಿಚ್ಚಿದರೆ ಊದಿದ ಪಾದ ಮತ್ತೆ ಒಳಗೆ ಹೋಗುವುದಿಲ್ಲ. ನಾಲ್ಕು ಹೆಜ್ಜೆಯೂ ಆಗದಿದ್ದರೆ ಮೂಳೆ ಮುರಿದಿರಬಹುದು, ಸಹಾಯ ಕರೆಸಿ.

## ಸ್ವಲ್ಪ ಪಳಗಿದ ಮೇಲೆ ಬರುವ ಪ್ರಶ್ನೆಗಳು

ಕಾಡಲ್ಲಿ ನಡೆದ್ರೆ ಆರೋಗ್ಯಕ್ಕೆ ಒಳ್ಳೇದು ಅಂತಾರೆ. ನಿಜಾನಾ, ಸುಮ್ನೆ ಹೇಳ್ತಾರಾ?

ಎರಡೂ ಸ್ವಲ್ಪ ಸ್ವಲ್ಪ. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ‘ಶಿನ್ರಿನ್ ಯೋಕು’ ಹೆಸರಿನಲ್ಲಿ ಕಾಡಿನ ನಡಿಗೆಗೆ ಪ್ರಚಾರ ಕೊಟ್ಟಿತು. 1984ರಲ್ಲಿ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನದಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದ ರೋಗಿಗಳು ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಆಸ್ಪತ್ರೆಯಿಂದ ಮನೆಗೆ ಹೋದರು, ನೋವಿಗೆ ಕೊಡುವ ಬಲವಾದ ಔಷಧಿಯೂ ಅವರಿಗೆ ಕಮ್ಮಿ ಸಾಕಾಯಿತು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದಾಗ, ವಾರಕ್ಕೆ ಒಟ್ಟು 120 ನಿಮಿಷ ಹಸಿರಿನ ನಡುವೆ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳಿದ್ದು ಜಾಸ್ತಿ.

ಆದರೆ ಆರೋಗ್ಯ ಚೆನ್ನಾಗಿರುವವರೇ ಹೆಚ್ಚು ಹೊರಗೆ ಹೋಗುತ್ತಾರೆ ಅನ್ನುವುದೂ ಇರಬಹುದಲ್ಲ? ಆ ಗಂಟನ್ನು ಇಂಥ ಸಮೀಕ್ಷೆ ಬಿಡಿಸಲಾರದು. ಮರದ ಗಾಳಿ ಕ್ಯಾನ್ಸರ್ ವಾಸಿ ಮಾಡುತ್ತದೆ ಎಂದೆಲ್ಲ ಹೇಳುವವರನ್ನು ನಂಬಬೇಡಿ. ನಡೆದರೆ ಒಳ್ಳೆ ನಿದ್ದೆ ಬರುತ್ತದೆ, ತಲೆ ಹಗುರಾಗುತ್ತದೆ. ನನಗೆ ಅಷ್ಟು ಸಾಕು.

ಇಷ್ಟು ದೊಡ್ಡ ಸಿಟಿ ಪಕ್ಕದಲ್ಲೇ ಕಾಡು ಉಳಿದಿದ್ದು ಹೇಗೆ?

ಬಹಳ ಕಡೆ ಉತ್ತರ ಒಂದೇ: ನೀರು. ಬೆಟ್ಟದ ಕಾಡು ಹೋದರೆ ಕೆಳಗಿನ ನಲ್ಲಿ ಒಣಗುತ್ತದೆ ಎಂದು ಗೊತ್ತಾದಾಗ ಸರ್ಕಾರಗಳು ಬೇಲಿ ಹಾಕಿದವು. ಬ್ರೆಜಿಲ್ಲಿನ ರಿಯೋ ಡಿ ಜನೈರೋದ ಟಿಜೂಕಾ ಕಾಡಿನ ಕಥೆ ಇದರಲ್ಲಿ ವಿಶೇಷ. ಅಲ್ಲಿ ಕಾಡು ಕಡಿದು ಕಾಫಿ ತೋಟ ಮಾಡಿದರು, ಊರಿನ ನೀರಿಗೆ ತತ್ವಾರ ಬಂತು. 1861ರಲ್ಲಿ ಚಕ್ರವರ್ತಿ ಎರಡನೇ ಪೆದ್ರೋ ಮತ್ತೆ ಕಾಡು ಬೆಳೆಸಲು ಹುಕುಂ ಮಾಡಿದ. ಮೇಜರ್ ಆರ್ಚರ್ ಎಂಬ ಅಧಿಕಾರಿಯ ಕೈಕೆಳಗೆ ಗುಲಾಮರು ಸಸಿ ನೆಟ್ಟರು. ಇವತ್ತು ಅದೇ ರಾಷ್ಟ್ರೀಯ ಉದ್ಯಾನ. ಈಗ ಅಲ್ಲಿ ನಡೆಯುವವರಿಗೆ ಅದು ಮನುಷ್ಯರು ನೆಟ್ಟ ಕಾಡು ಎಂದು ಅನ್ನಿಸುವುದೇ ಇಲ್ಲ. ಕಠ್ಮಂಡುವಿನ ಮೇಲಿನ ಶಿವಪುರಿ ಕಾಡನ್ನು ಕಾದದ್ದೂ ಊರಿನ ನೀರಿಗಾಗಿ, 2002ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.

ನೀರಿಗಿಂತ ನಡಿಗೆಯೇ ಮುಂದಾದ ಕಡೆಗಳೂ ಇವೆ. ಬಲ್ಗೇರಿಯಾದ ಸೋಫಿಯಾ ನಗರದ ಬೆನ್ನಿಗಿರುವ ವಿತೋಶಾ ಬೆಟ್ಟಕ್ಕೆ 1895ರಲ್ಲಿ ಅಲೆಕೋ ಕಾನ್‌ಸ್ಟಾಂಟಿನೋವ್ ಎಂಬ ಲೇಖಕ ಸುಮಾರು ಮುನ್ನೂರು ಜನರನ್ನು ಕರೆದುಕೊಂಡು ಹತ್ತಿದ, ಆ ದೇಶದಲ್ಲಿ ಚಾರಣದ ಚಳವಳಿ ಶುರುವಾದದ್ದು ಅಲ್ಲಿಂದ. 1934ರಲ್ಲಿ ಬೆಟ್ಟ ಪಾರ್ಕಾಯಿತು. ಅದರ ತುದಿ 2,290 ಮೀಟರ್. ಟೋಕಿಯೋದವರ ಟಕಾವೋ ಬೆಟ್ಟ ಬರೀ 599 ಮೀಟರ್, ಆದರೆ ರಜೆಯ ದಿನ ಅಲ್ಲಿ ತುದಿಯಲ್ಲಿ ಕೂರಲು ಜಾಗ ಹುಡುಕಬೇಕು.

ಸುಲಭದ ದಾರಿಗಳೆಲ್ಲ ಮುಗಿದವು. ಮುಂದೇನು?

ಮೊದಲು ಅದೇ ದಾರಿಯನ್ನು ಬೇರೆ ಕಾಲದಲ್ಲಿ ನಡೆದು ನೋಡಿ. ಎಲೆ ಉದುರಿದಾಗ ಕಾಣುವ ಬಂಡೆಗಳು ಮಳೆಗಾಲದಲ್ಲಿ ಇದ್ದವೆಂದೇ ಗೊತ್ತಾಗಿರುವುದಿಲ್ಲ. ಆಮೇಲೆ ಒಂದೊಂದನ್ನೇ ಜಾಸ್ತಿ ಮಾಡಿ: ಒಮ್ಮೆ ದೂರ, ಇನ್ನೊಮ್ಮೆ ಏರು, ಮತ್ತೊಮ್ಮೆ ಬೆನ್ನಿನ ಭಾರ. ಮೂರನ್ನೂ ಒಂದೇ ದಿನ ಏರಿಸಿದವರ ಮಂಡಿ ಕೈಕೊಡುತ್ತದೆ. ಆರು ಕಿಲೋ ಹೊತ್ತು 800 ಮೀಟರ್ ಹತ್ತಿ ಇಳಿದು, ಮಾರನೇ ದಿನ ಮೆಟ್ಟಿಲನ್ನು ಮಾಮೂಲಿನಂತೆ ಇಳಿಯಲು ಆದರೆ ಎರಡು ದಿನದ ಚಾರಣಕ್ಕೆ ಹೊರಡಬಹುದು.

ಎತ್ತರದ ಪರ್ವತ ಮನಸ್ಸಿನಲ್ಲಿದ್ದರೆ ಅಲ್ಲಿಯ ಲೆಕ್ಕ ಪೂರ್ತಿ ಬೇರೆ. 2,500 ಮೀಟರ್ ದಾಟಿದ ಮೇಲೆ ಎಂಥ ಗಟ್ಟಿ ಆಳಿಗೂ ತಲೆನೋವು, ವಾಕರಿಕೆ ಬರಬಹುದು, ಅದಕ್ಕೂ ನಿಮ್ಮ ಕಾಲಿನ ಬಲಕ್ಕೂ ಸಂಬಂಧವಿಲ್ಲ. 3,000 ಮೀಟರಿನ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು ಎಂಬುದು ಅಲ್ಲಿಯ ರೂಢಿ. ತಲೆನೋವು ಬಂದರೆ ಮೇಲೆ ಹೋಗುವುದನ್ನು ನಿಲ್ಲಿಸುವುದು, ಜಾಸ್ತಿಯಾದರೆ ಅದೇ ದಿನ ಇಳಿಯುವುದು.